ಕಂದು ಎದೆಯ ಹಿಮಕೋಳಿ

ಸಂಗ್ರಹಾಲಯ, ಹಿಂದಿನ ಕೋಣೆ
ಅಕ್ಟೋಬರ್ ೧೪, ಮಂಗಳವಾರ ಬೆಳಿಗ್ಗೆ

ಮುದ್ದಿನ ತರಲೆಗೆ ಅಮ್ಮನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಆ ಸಾಲು ಬರೆದು ಬರೆದು ಬೆಳಿಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ. ನಿಮ್ಮಪ್ಪನ ಮಂಡಿ ಮೊದಲಿನಷ್ಟೇ ನೋಯುತ್ತಿದೆ, ನನ್ನ ನಾಲಿಗೆ ಮೊದಲಿನಷ್ಟೇ ಹರಿತವಾಗಿದೆ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಕಿಟಕಿ ತೆರೆಯುತ್ತೇನೆ. ಮತ್ತೆರಡು ಸಾಲು ಬರೆಯುತ್ತೇನೆ, ಎದ್ದು ಮುಚ್ಚುತ್ತೇನೆ. ಎದುರು ಕಟ್ಟಡದ ಗುಮಾಸ್ತ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾನೆ. ಅವನಿಗೂ ಇವತ್ತು ಕೆಲಸವಿಲ್ಲ ಅಂತ ಕಾಣುತ್ತದೆ.

ನಿನ್ನ ಹೋದ ವಾರದ ಪತ್ರವನ್ನು ಹತ್ತು ಸಲವಾದರೂ ಓದಿದ್ದೇನೆ. ಎರಡು ಬೇಸಿಗೆ, ಒಂದು ಚಳಿಗಾಲ ನೀನು ಆ ಪೂರ್ವದ ಇಳಿಜಾರಿನಲ್ಲಿ ಅಲೆದೆ. ಬೂದು ಬಣ್ಣದ ಹಿಮಕೋಳಿಗಳನ್ನು ನೂರಾರು ಕಂಡೆ. ನಿಮ್ಮಪ್ಪ ಗುರುತಿಸಿ ಹೆಸರಿಟ್ಟ ಕಂದು ಎದೆಯ ಹಿಮಕೋಳಿ ಒಂದೂ ಸಿಗಲಿಲ್ಲ. ಕುರುಬರು ಅವನ್ನೆಲ್ಲ ಹೊಡೆದು ಮುಗಿಸಿದ್ದಾರೆ, ಖಾಲಿಯಾದ ಜಾಗಕ್ಕೆ ಪಶ್ಚಿಮದ ಬೂದು ಹಕ್ಕಿಗಳು ಕಣಿವೆ ದಾಟಿ ಬಂದು ಸೇರಿಕೊಂಡಿವೆ ಎಂದು ಬರೆದಿದ್ದೀಯ. ಉಪಪ್ರಭೇದ ನಶಿಸಿದೆ, ಇನ್ನಾದರೂ ಆ ಇಳಿಜಾರನ್ನು ಕುರಿಗೂ ಮನುಷ್ಯರಿಗೂ ಮುಚ್ಚಬೇಕು ಎಂಬ ವರದಿ ಸಿದ್ಧವಾಗಿದೆ, ಇಪ್ಪತ್ತನೇ ತಾರೀಖು ಅಂಚೆ ಒಯ್ಯುವ ಹೇಸರಗತ್ತೆಯವನು ಕೆಳಗಿಳಿಯುವಾಗ ಅರಣ್ಯ ಕಚೇರಿಗೆ ಕಳಿಸುತ್ತೇನೆ ಎಂದಿದ್ದೀಯ.

ಆ ವರದಿಗೆ ಸಹಿ ಹಾಕಬೇಡ. ಇದೊಂದು ಮಾತು ಹೇಳಲಿಕ್ಕೇ ಈ ಪತ್ರ. ಯಾಕೆ ಎನ್ನುವುದನ್ನು ಇನ್ನು ಬರೆಯುತ್ತೇನೆ, ನನ್ನ ಕೈ ಅಷ್ಟು ದೂರ ಬಂದರೆ.

ನಿನ್ನ ಹಕ್ಕಿಯನ್ನು ಯಾರೂ ಕೊಂದಿಲ್ಲ, ಮಗಳೇ. ಅದು ಎಂದೂ ಇರಲೇ ಇಲ್ಲ.

ಓದಿ ಎದ್ದು ನಿಂತಿರುತ್ತೀಯ, ಗೊತ್ತು. ಕೂತುಕೋ. ನಾನೂ ಎದ್ದು ಕೊಳಾಯಿ ತಿರುಗಿಸಿ, ಕೈ ತೊಳೆದು, ಮತ್ತೆ ಬಂದು ಕೂತಿದ್ದೇನೆ. ಮೂವತ್ತೆರಡು ವರ್ಷದ ಅಭ್ಯಾಸ. ಮನಸ್ಸು ಕೆಟ್ಟರೆ ಕೈ ತೊಳೆಯುತ್ತೇನೆ.

ನಾನು ಇಲ್ಲಿ ಮಾಡುವ ಕೆಲಸ ನಿನಗೆ ಚೆನ್ನಾಗಿ ಗೊತ್ತು. ಆದರೂ ಒಂದು ಸಲ ಹೇಳುತ್ತೇನೆ, ಯಾಕೆಂದರೆ ಎಲ್ಲ ಇರುವುದು ಅದರಲ್ಲೇ. ಹೊರಗಿನ ಬೇಟೆಗಾರರು ಸುಲಿದು ಒಣಗಿಸಿ ಕಳಿಸಿದ ಹಕ್ಕಿಯ ಚರ್ಮ ಯಾವುದೇ ಬರಲಿ, ಅದು ಮೊದಲು ನನ್ನ ಮೇಜಿಗೆ ಬರಬೇಕು. ಬೆಚ್ಚಗಿನ ಸಾಬೂನು ನೀರಲ್ಲಿ ಮೆದುಮಾಡಿ, ಕೊಬ್ಬು ಕೆರೆದು, ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಪ್ಲಾಸ್ಟರ್ ಪುಡಿ ಉದುರಿಸಿ, ಗರಿ ಗರಿ ಬಿಡಿಸಿ ಒಣಗಿಸಿ, ಹೊಸ ಹತ್ತಿ ತುಂಬಿ ಹೊಲಿದು, ಕಾಲಿಗೆ ಚೀಟಿ ಕಟ್ಟಿದ ಮೇಲೆಯೇ ಅದು ನಿಮ್ಮಪ್ಪನ ಡ್ರಾಯರಿಗೆ ಹೋಗಬೇಕು. ಈ ನಿಯಮ ನನ್ನದೇ. ಬಂದ ಹೊಸದರಲ್ಲಿ ಇದಕ್ಕಾಗಿ ಜಗಳವಾಡಿದ್ದೆ. ಕೊಳೆ ಹಕ್ಕಿಯನ್ನು ಅಳತೆ ಮಾಡುವುದು ಶೂ ಹಾಕಿಕೊಂಡು ಕಾಲಿನ ಉದ್ದ ಅಳೆದ ಹಾಗೆ ಎಂದು ನಿಮ್ಮಪ್ಪನಿಗೆ ಹೇಳಿದ್ದೆ. ಅವರು ನಕ್ಕು ಒಪ್ಪಿದ್ದರು. ಮದುವೆಯ ಮಾತು ಬಂದದ್ದೂ ಆ ನಗೆಯಿಂದಲೇ ಅನ್ನು.

ಆ ಒಂಬತ್ತು ಹಿಮಕೋಳಿಗಳು ಪೂರ್ವದ ಇಳಿಜಾರಿನಿಂದ ಬಂದಾಗ ನಾನು ಇಲ್ಲಿರಲಿಲ್ಲ. ನಿನ್ನನ್ನು ಹೆತ್ತು ಮನೆಯಲ್ಲಿ ಮಲಗಿದ್ದೆ. ನನ್ನ ಜಾಗಕ್ಕೆ ಆರು ತಿಂಗಳ ಮಟ್ಟಿಗೆ ಬಂದಿದ್ದವರು ಪ್ರಾಣಿಗಳ ವಿಭಾಗದವರು, ಒಳ್ಳೆಯ ಮನುಷ್ಯರು. ಚಿರತೆಯ ಹಲ್ಲು ಕೂರಿಸುವುದರಲ್ಲಿ ಎತ್ತಿದ ಕೈ, ಗರಿ ಕಂಡರೆ ಮಾತ್ರ ಹೆದರಿಕೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಚೀಟಿ ಕಟ್ಟಿ, ಕಳಿಸಿಬಿಟ್ಟರು. ತೊಳೆಯಲಿಲ್ಲ.

ಡ್ರಾಯರಿನಲ್ಲಿ ಪಶ್ಚಿಮದ ಬೂದು ಹಕ್ಕಿಗಳ ಪಕ್ಕದಲ್ಲಿ ಇವನ್ನು ಇಟ್ಟಾಗ ನಿಮ್ಮಪ್ಪನಿಗೆ ಹೇಗಾಗಿರಬೇಡ. ಎದೆ ಕಂದು, ಗಂಟಲಿನ ಬಿಳುಪು ಕೆನೆಯ ಬಣ್ಣ, ರೆಕ್ಕೆ ಆರು ಮಿಲಿಮೀಟರ್ ಚಿಕ್ಕದು. ಒಂದಲ್ಲ, ಒಂಬತ್ತಕ್ಕೆ ಒಂಬತ್ತೂ ಹಾಗೆಯೇ. ಪೂರ್ವದ ಇಳಿಜಾರು ತೇವದ್ದು, ಅಲ್ಲಿನ ಹಕ್ಕಿ ಗಾಢವಾಗಿಯೇ ಇರಬೇಕು ಎಂದು ಅವರು ಎರಡು ವರ್ಷ ಮೊದಲಿನಿಂದಲೂ ಹೇಳುತ್ತಿದ್ದರು. ಕಾಯುತ್ತಿದ್ದದ್ದೇ ಪೆಟ್ಟಿಗೆಯಲ್ಲಿ ಬಂದರೆ ಯಾರು ತಾನೇ ಅನುಮಾನ ಪಡುತ್ತಾರೆ. ಇನ್ನು ಅವರ ಮೂಗಂತೂ ನಿನಗೆ ಗೊತ್ತಲ್ಲ, ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪೇಪರ್ ಓದುತ್ತ ಕೂತಿರುತ್ತಾರೆ. ಅದರ ಮೇಲೆ ಡ್ರಾಯರ್ ತುಂಬ ನುಸಿಗುಳಿಗೆಯ ವಾಸನೆ.

ಒಂದು ಬೆಳಿಗ್ಗೆ ಮನೆಗೆ ಓಡಿ ಬಂದರು. ಕೋಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಹೊಸ ಉಪಪ್ರಭೇದ ಕಣೇ, ಲ್ಯಾಟಿನ್ ಹೆಸರಿನ ಮೂರನೇ ಪದಕ್ಕೆ ನಮ್ಮ ಮಗಳ ಹೆಸರು ಇಡ್ತೀನಿ ಅಂದರು. ನೀನು ಇಪ್ಪತ್ತೊಂದು ದಿನದ ಕೂಸು. ನಿನ್ನನ್ನು ಎತ್ತಿಕೊಂಡು ಆ ಮೂರೂ ಪದ ನಿನ್ನ ಕಿವಿಯಲ್ಲಿ ಹೇಳಿದರು. ನೀನು ಜೋರಾಗಿ ಅತ್ತೆ. ಹನ್ನೆರಡು ವರ್ಷ ಅದೇ ಹುದ್ದೆಯಲ್ಲಿ ಕೊಳೆಯುತ್ತಿದ್ದ ಮನುಷ್ಯ. ಆ ಲೇಖನ ಅಚ್ಚಾದ ಮೇಲೆ ವಿಭಾಗದ ಮುಖ್ಯಸ್ಥರಾದರು, ಹೊರಗಿನವರು ಪತ್ರ ಬರೆದು ಹಕ್ಕಿಯನ್ನು ನೋಡಲು ಬರತೊಡಗಿದರು. ಒಂಬತ್ತರಲ್ಲಿ ಒಂದನ್ನು ಆಮೇಲೆ ಹುಳ ತಿಂದಿತು, ಎಂಟು ಉಳಿದವು. ಇದು ನಿನಗೆ ಗೊತ್ತಿರುವ ಕಥೆ.

ಈಗ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ. ಕುಡಿಯಲಿಲ್ಲ, ಪಕ್ಕದಲ್ಲಿ ಆರುತ್ತಿದೆ.

ಹುಳ ತಿಂದಿರಲಿಲ್ಲ. ಅದು ನಾನು ಕಟ್ಟಿದ ಕಥೆ.

ನಿನಗೆ ಏಳು ತಿಂಗಳಾದಾಗ ಕೆಲಸಕ್ಕೆ ವಾಪಸು ಬಂದೆ. ಲೇಖನ ಅಷ್ಟರಲ್ಲಿ ಅಚ್ಚಾಗಿತ್ತು. ಡ್ರಾಯರ್ ತೆಗೆದು ನೋಡಿದರೆ ಒಂದು ಹಿಮಕೋಳಿಯ ಹೊಟ್ಟೆಯ ಹೊಲಿಗೆಯಲ್ಲಿ ಕೊಬ್ಬು ಜಿನುಗುತ್ತಿತ್ತು. ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತದೆಯೇ. ಬಿಚ್ಚಿ ಬೋಗುಣಿಯಲ್ಲಿ ಹಾಕಿದೆ. ನೀರು ಕಷಾಯದ ಹಾಗಾಯಿತು. ಬದಲಿಸಿದೆ, ಮತ್ತೂ ಹಾಗೇ ಆಯಿತು. ನಾಲ್ಕನೇ ಸಲ ನೀರು ತಿಳಿಯಾಯಿತು, ಕೈಯಲ್ಲಿ ಬೂದು ಹಕ್ಕಿ ಇತ್ತು. ಒಣಗಿಸಿ ಪಶ್ಚಿಮದವುಗಳ ಪಕ್ಕ ಇಟ್ಟೆ. ಯಾವುದು ಯಾವ ಕಡೆಯದು ಎಂದು ಹೆತ್ತ ಕೋಳಿಯೂ ಹೇಳಲಾರದು.

ಅವತ್ತೇ ಹೇಳಬೇಕಿತ್ತು. ನಿಮ್ಮಪ್ಪನ ಕೋಣೆ ಹದಿನೇಳು ಹೆಜ್ಜೆ ದೂರ. ಹೋದೆ. ಬಾಗಿಲಲ್ಲಿ ನಿಂತೆ. ಅವರು ಯಾರಿಗೋ ಕಳಿಸಲು ಲೇಖನದ ಪ್ರತಿಯ ಮೇಲೆ ಸಹಿ ಹಾಕುತ್ತಿದ್ದರು, ತಲೆಯೆತ್ತಿ ಏನೇ ಅಂದರು. ಏನಿಲ್ಲ, ಊಟಕ್ಕೆ ಬರ್ತೀರಾ ಅಂದೆ.

ಅವರ ಸಂತೋಷ ಕೆಡಿಸಲಾರದೆ ಸುಮ್ಮನಾದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧವನ್ನೂ ಬರೆಯುತ್ತೇನೆ, ಆಮೇಲೆ ನೀನು ನನ್ನನ್ನು ಏನಾದರೂ ಅಂದುಕೋ. ಆ ಲೇಖನದ ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಸಾಲು ಇದೆ. ಅದರಲ್ಲಿ ನಿರ್ದೇಶಕರಿದ್ದಾರೆ, ಚಿತ್ರ ಬರೆದವರಿದ್ದಾರೆ, ಮೆಟ್ಟಿಲ ಬಳಿಯ ಕಾವಲುಗಾರ ಕೂಡ ಇದ್ದಾನೆ. ಅವರ ಡ್ರಾಯರಿನ ಒಂದೊಂದು ಹಕ್ಕಿಯನ್ನೂ ಹೊಲಿದ ನಾನು ಇಲ್ಲ. ನನಗೆ ಕೋಪ ಬಂದಿತ್ತು. ನನ್ನನ್ನು ಕೇಳದೆ ಬರೆದವರಿಗೆ, ಅವರು ಕೇಳದೆ ನಾನು ಯಾಕೆ ಹೇಳಲಿ ಎಂಬ ಸಣ್ಣತನ. ಇಪ್ಪತ್ತೇಳು ವರ್ಷ ಆ ಸಣ್ಣತನವನ್ನು ಪ್ರೀತಿ ಎಂದು ಕರೆದುಕೊಂಡು ತಿರುಗಿದೆ.

ತೊಳೆದ ಹಕ್ಕಿಯನ್ನು ಏನು ಮಾಡಲಿ. ಅದರ ಚೀಟಿ ಬಿಚ್ಚಿ, ಪಶ್ಚಿಮದ ಊರಿನ ಹೆಸರು ಬರೆದು ಬೇರೆ ಚೀಟಿ ಕಟ್ಟಿ, ಪಶ್ಚಿಮದ ಡ್ರಾಯರಿನಲ್ಲಿ ಮಲಗಿಸಿದೆ. ಹುಳ ತಿಂದಿದೆ, ಸುಟ್ಟು ಹಾಕಿದೆ ಎಂದು ಪುಸ್ತಕದಲ್ಲಿ ಬರೆದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಹಕ್ಕಿ ಹಾಳಾದರೆ ಹೋಗಲಿ, ಚೀಟಿ ಸುಳ್ಳಾಗಬಾರದು ಎಂದು ನಿನಗೆ ಪೆನ್ಸಿಲ್ ಹಿಡಿಯಲು ಬರುವ ಮೊದಲೇ ಕಲಿಸಿದವಳು ನಾನು. ನಿನ್ನ ಪ್ರಬಂಧದ ಕೋಷ್ಟಕದಲ್ಲಿ ಪಶ್ಚಿಮದ ಹನ್ನೊಂದನೇ ಗಂಡಿನ ರೆಕ್ಕೆ ಯಾಕೋ ಚಿಕ್ಕದಿದೆ ಅಂತ ನೀನು ಕೇಳಿದ್ದೆ. ಒಣಗುವಾಗ ಕುಗ್ಗಿರಬೇಕು ಎಂದೆ. ಅದು ಇದೇ ಹಕ್ಕಿ.

ಆದರೂ ಒಂದು ಆಸೆ ಇಟ್ಟುಕೊಂಡಿದ್ದೆ. ಆ ಒಂದು ಹಕ್ಕಿ ಮಾತ್ರ ಹೇಗೋ ಕೊಳೆಯಾಗಿತ್ತು, ಉಳಿದ ಎಂಟು ಹುಟ್ಟಾ ಕಂದು ಬಣ್ಣದವು ಎಂದು. ನಂಬಲು ಬಹಳ ಸುಲಭ, ಉಳಿದವನ್ನು ತೊಳೆಯದಿದ್ದರೆ ಸಾಕು. ತೊಳೆಯಲಿಲ್ಲ.

ಆ ಆಸೆಯನ್ನು ಮುಗಿಸಿದ್ದು ನಿನ್ನ ಪತ್ರ. ನೀನು ಉಳಿದುಕೊಂಡಿರುವ ಮನೆಯೊಡತಿಯ ಬಗ್ಗೆ ತಮಾಷೆಗೆ ಬರೆದಿದ್ದೀಯ: ಮಾಂಸವಿರಲಿ ಚರ್ಮವಿರಲಿ, ದಾರಿ ತೆರೆಯುವವರೆಗೆ ಒಲೆಯ ಮೇಲಿನ ತೊಲೆಗೆ ನೇತು ಹಾಕುತ್ತಾರೆ, ಹೊಗೆಗೆ ಹುಳ ಬರುವುದಿಲ್ಲವಂತೆ, ಅಲ್ಲೇ ಗೂಟಕ್ಕೆ ಹಾಕಿದ ನನ್ನ ಬಿಳಿ ಸ್ವೆಟರ್ ತಿಂಗಳೊಳಗೆ ಕಂದುಬಣ್ಣಕ್ಕೆ ತಿರುಗಿದೆ, ಅಮ್ಮಾ, ನೀನಾದರೆ ತೊಳೆದುಕೊಡುತ್ತಿದ್ದೆ. ಅದನ್ನು ಓದಿದಾಗ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ, ಇನ್ನೂ ಸಿಕ್ಕಿಲ್ಲ. ಹೋಗಿ ಹಳೆಯ ಕಡತ ತೆಗೆದೆ. ಆ ಒಂಬತ್ತು ಚರ್ಮ ಕಳಿಸಿದ ಬೇಟೆಗಾರ ಜೊತೆಗೊಂದು ಚೀಟಿ ಬರೆದಿದ್ದ: ನವೆಂಬರಿನಲ್ಲಿ ಹೊಡೆದದ್ದು, ದಾರಿ ಮುಚ್ಚಿದ್ದರಿಂದ ಮಾರ್ಚಿನವರೆಗೆ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದೆ ಎಂದು. ನಾಲ್ಕು ತಿಂಗಳು ಒಲೆಯ ಮೇಲೆ. ಎದೆಗೆ ಬಣ್ಣ ಬಂದದ್ದು ಹೊಗೆಯಿಂದ, ರೆಕ್ಕೆ ಕುಗ್ಗಿದ್ದು ಬಿಸಿಗೆ. ಪಶ್ಚಿಮದವನ್ನು ನಮ್ಮವರೇ ಹೋಗಿ ಸುಲಿದು ವಾರದೊಳಗೆ ತಂದಿದ್ದರು. ಎರಡು ಬೆಟ್ಟಗಳ ನಡುವಿನ ವ್ಯತ್ಯಾಸ ಅಷ್ಟೇ.

ಶುಕ್ರವಾರ ಒಂದನ್ನು ತೊಳೆದೆ. ನಿನ್ನೆ ಇನ್ನೊಂದನ್ನು. ಇವತ್ತು ಬೆಳಿಗ್ಗೆ ಬಂದವಳೇ ಮೂರನೆಯದನ್ನು. ಈಗ ಮೂರೂ ಕಿಟಕಿಯ ಬಳಿ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಒಣಗುತ್ತಿವೆ. ಬೂದು, ಬೂದು, ಬೂದು.

ಆ ಮನೆಯೊಡತಿ ನಿನಗೆ ಏನು ಹೇಳಿದಳು ಎಂದು ನೀನೇ ಬರೆದಿದ್ದೀಯ. ನಮ್ಮ ಮಾವನ ಕಾಲದಿಂದ್ಲೂ ಈ ಹಕ್ಕಿ ಬೂದೇ ಇದ್ದದ್ದು, ನಾವ್ಯಾಕೆ ಕೊಲ್ಲೋಣ ಅಂದಳಂತೆ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ ನೋಡು ಎಂದು ಕೆಳಗೆ ಗೆರೆ ಎಳೆದಿದ್ದೀಯ. ಅವಳು ಹೇಳಿದ್ದು ಸುಳ್ಳಲ್ಲ. ನಿನಗೆ ಹಾಸಿಗೆ ಕೊಟ್ಟು, ಮಂಜು ಬಿದ್ದ ದಿನ ತನ್ನ ಕಂಬಳಿಯನ್ನೂ ಹೊದಿಸಿದವಳು ಅವಳು. ಅಂಥ ಅರವತ್ತು ಮನೆಗಳ ಕುರಿಗಳಿಗೆ ಬೇಸಿಗೆಯಲ್ಲಿ ಬೇರೆ ಹುಲ್ಲಿಲ್ಲ. ನಿನ್ನ ವರದಿ ಹೋದರೆ ಮುಂದಿನ ಮೇ ತಿಂಗಳಿನಲ್ಲಿ ಅವರು ಎಲ್ಲಿಗೆ ಹೋಗಬೇಕು. ಇಲ್ಲದ ಹಕ್ಕಿಯನ್ನು ಕೊಂದ ತಪ್ಪಿಗೆ ಅವರ ಮನೆ ಹಾಳಾಗಬೇಕೇ. ಈ ಯೋಚನೆ ಬಂದಾಗಿನಿಂದ ಊಟ ಸೇರುತ್ತಿಲ್ಲ.

ನಿಮ್ಮಪ್ಪ ಬೇರೆ. ನಿನ್ನ ಪತ್ರ ಬಂದ ದಿನದಿಂದ ಸೂತಕದ ಮುಖ ಮಾಡಿಕೊಂಡಿದ್ದಾರೆ. ನಿವೃತ್ತರಾಗಿ ಆರು ವರ್ಷವಾದರೂ ದಿನಾ ಬಂದು ಹಳೆಯ ಕುರ್ಚಿಯಲ್ಲಿ ಕೂರುವವರು, ಈಗ ಬಂದು ಆ ಡ್ರಾಯರಿನ ಮುಂದೆ ನಿಲ್ಲುತ್ತಾರೆ, ತೆರೆಯುವುದಿಲ್ಲ. ನಾವು ಹೆಸರಿಟ್ಟಿದ್ದಕ್ಕೇ ದೃಷ್ಟಿ ತಗುಲಿತೇನೋ ಅಂದರು ಮೊನ್ನೆ. ಎಂದೂ ಇರದಿದ್ದ ಹಕ್ಕಿಗೆ ಅಳುವ ಗಂಡನ ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುವುದು ಎಂದರೆ ಏನು ಎಂದು ನಿನಗೆ ಹೇಗೆ ಹೇಳಲಿ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಹೇಳಲು ನನಗೆ ಧೈರ್ಯವಿಲ್ಲ, ಇದೂ ನಿಜ.

ಇನ್ನೊಂದು ಮಾತಿದೆ, ಈಗ ಬಿಟ್ಟರೆ ಮತ್ತೆ ಬರೆಯಲು ಆಗುವುದಿಲ್ಲ. ನೀನು ಹುಟ್ಟದೆ ಇದ್ದಿದ್ದರೆ ನಾನು ಕೆಲಸದಲ್ಲಿರುತ್ತಿದ್ದೆ, ಒಂಬತ್ತನ್ನೂ ತೊಳೆಯುತ್ತಿದ್ದೆ, ಆ ಉಪಪ್ರಭೇದ ಹುಟ್ಟುತ್ತಲೇ ಇರಲಿಲ್ಲ. ನೀನು ಬಂದದ್ದರಿಂದ ಅದು ಬಂತು, ಅದಕ್ಕೇ ನಿನ್ನ ಹೆಸರು ಬಂತು. ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಎಲ್ಲರಿಗೂ ನನ್ನ ಹೆಸರಿನ ಹಕ್ಕಿ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಹಕ್ಕಿಯನ್ನು ಹುಡುಕಲೆಂದೇ ಈ ವಿದ್ಯೆ ಓದಿದೆ, ಆ ಬೆಟ್ಟ ಹತ್ತಿದೆ. ಇವತ್ತು ಅದನ್ನು ನಿನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದೇನೆ. ಆದರೆ ನಿನಗಾಗಿ ನನಗೆ ಒಂದು ಕ್ಷಣವೂ ಪಶ್ಚಾತ್ತಾಪವಿಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಇನ್ನು ನಿರ್ಧಾರ ನಿನ್ನದು. ವರದಿ ತಡೆದರೆ ಏನಾದರೊಂದು ಕಾರಣ ಹೇಳಬೇಕಾಗುತ್ತದೆ, ನನ್ನ ಹೆಸರು ಹೇಳು. ಅಪ್ಪನಿಗೆ ತಿಳಿಯುವುದು ಬೇಡ ಎಂದು ನಿನಗೆ ಅನ್ನಿಸಿದರೆ ಅದಕ್ಕೂ ನಾನು ಒಪ್ಪುತ್ತೇನೆ. ನೀನು ಹೇಗೆ ಹೇಳುತ್ತೀಯೋ ಹಾಗೆ. ನಾನಾಗಿ ಯಾರ ಬಳಿಯೂ ಬಾಯಿ ಬಿಡುವುದಿಲ್ಲ.

ಕಾಲು ಬೆಚ್ಚಗಿಟ್ಟುಕೋ. ಸ್ವೆಟರ್ ಅಲ್ಲೇ ತೊಳೆಯಬೇಡ, ಬಿಸಿನೀರಿಗೆ ಹಾಕಿದರೆ ಕುಗ್ಗುತ್ತದೆ, ಇಲ್ಲಿಗೆ ತಾ.

ನಿನ್ನ
ಅಮ್ಮ

ಮರೆತ ಮಾತು, ಗುರುವಾರ ಮಧ್ಯಾಹ್ನ:

ಲಕೋಟೆ ಅಂಟಿಸಿ ಎರಡು ದಿನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ಅಂಚೆಪೆಟ್ಟಿಗೆಯ ಮುಂದೆ ನಾಲ್ಕು ಸಲ ಹಾದುಹೋದೆ. ಇವತ್ತು ಬೆಳಿಗ್ಗೆ ಬಿಚ್ಚಿದೆ, ಈಗ ಇದನ್ನು ಸೇರಿಸುತ್ತಿದ್ದೇನೆ.

ನಿರ್ಧಾರ ನಿನ್ನದು ಎಂದು ಬರೆದೆನಲ್ಲ, ಅದು ಜಾರಿಕೊಳ್ಳುವವರ ಮಾತು. ನೀನು ನನ್ನ ಮಗಳು. ಅಪ್ಪನ ಮುಖ ನೆನೆಸಿಕೊಂಡು ಸ್ವಲ್ಪ ದಿನ ಹೋಗಲಿ ಎನ್ನುತ್ತೀಯ. ಆ ಸ್ವಲ್ಪ ದಿನ ಎಷ್ಟು ಉದ್ದವಾಗುತ್ತದೆ ಎಂದು ನನಗೆ ಗೊತ್ತು. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಇವತ್ತು ಬೆಳಿಗ್ಗೆ ನಿಮ್ಮಪ್ಪನನ್ನು ನನ್ನ ಕೋಣೆಗೆ ಕರೆದು ಕೂರಿಸಿ ಈ ಪತ್ರವನ್ನು ಮೊದಲಿನಿಂದ ಓದಿದೆ. ಕೃತಜ್ಞತೆಯ ಸಾಲಿನ ಜಾಗವನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ಎದ್ದು ಹೋಗಿ, ಲೇಖನಕ್ಕೆ ಆಧಾರವಾಗಿದ್ದ ಆ ಮುಖ್ಯ ಹಕ್ಕಿಯನ್ನೇ ತಂದು ಬೋಗುಣಿಯಲ್ಲಿ ಹಾಕಿದರು. ಅಂಗಿಯ ತೋಳು ಮಡಚಲು ಮರೆತಿದ್ದರು, ನಾನೇ ಮಡಚಿದೆ. ನೀರು ಬಣ್ಣ ಬಿಡುವುದನ್ನು ನೋಡುತ್ತ, ಅವತ್ತು ಬಾಗಿಲಲ್ಲಿ ನಿಂತಿದ್ದು ಇದಕ್ಕೇನಾ ಅಂತ ಕೇಳಿದರು. ಹೌದು ಅಂದೆ. ನಾನು ನಿನ್ನನ್ನು ಕೇಳಬೇಕಿತ್ತು ಅಂದರು. ಅತ್ತರು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಾನೂ ಅತ್ತೆ.

ಹನ್ನೊಂದಕ್ಕೆ ಅರಣ್ಯ ಕಚೇರಿಗೆ ಹೋದೆವು. ತೊಳೆದ ಹಕ್ಕಿ, ತೊಳೆಯದ ಹಕ್ಕಿ, ಬೇಟೆಗಾರನ ಚೀಟಿ, ನಾನು ಕಟ್ಟಿದ ಸುಳ್ಳು ಚೀಟಿ, ಎಲ್ಲವನ್ನೂ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಮೂರು ಮಹಡಿ ಹತ್ತುವಾಗ ಡಬ್ಬಿಯನ್ನು ನಿಮ್ಮಪ್ಪ ನನ್ನ ಕೈಗೆ ಕೊಡಲೇ ಇಲ್ಲ, ಆ ಮಂಡಿ ಇಟ್ಟುಕೊಂಡು. ಅಧಿಕಾರಿ ಎಲ್ಲ ಕೇಳಿಸಿಕೊಂಡು, ನಿನ್ನ ವರದಿಗಾಗಿ ಕಾಯುತ್ತಿದ್ದ ಇಳಿಜಾರು ಮುಚ್ಚುವ ಕಡತವನ್ನು ಸದ್ಯಕ್ಕೆ ಎತ್ತಿಡಿಸಿದರು. ನೀನು ಈಗ ಬರೆಯಬೇಕಾದದ್ದು ಬೇರೆ ವರದಿ. ನನ್ನ ಮೇಲೆ ಸಂಗ್ರಹಾಲಯದವರು ಏನು ಕ್ರಮ ತೆಗೆದುಕೊಳ್ಳುತ್ತಾರೋ ತೆಗೆದುಕೊಳ್ಳಲಿ.

ಹೊರಡುವಾಗ ಬಾಗಿಲ ಬಳಿಯ ಪುಸ್ತಕದಲ್ಲಿ ಬಂದವರ ಹೆಸರು, ಉದ್ಯೋಗ ಬರೆಯಬೇಕಿತ್ತು. ನಿಮ್ಮಪ್ಪ ಪುಸ್ತಕವನ್ನು ಮೊದಲು ನನ್ನ ಕಡೆ ಸರಿಸಿದರು. ನಾನು ಹೆಸರು ಬರೆದು, ಹಕ್ಕಿಯ ಚರ್ಮ ಹದಮಾಡುವವಳು ಎಂದು ಬರೆದೆ. ಅವರು ಕೆಳಗಿನ ಸಾಲಿನಲ್ಲಿ ತಮ್ಮ ಹೆಸರು ಬರೆದು, ಉದ್ಯೋಗದ ಜಾಗದಲ್ಲಿ ಇವರ ಸಹಾಯಕ ಎಂದು ಬರೆದರು.